ರೊಟ್ಟಿ ಸಪ್ಪಳ ಯಾರಿಗೆ ಸಂಗೀತ?

ಅಕ್ಕಾರ, ವೈನ್ಯಾರ, ಈ ಸಲ ಅಡಗಿ ಬಗ್ಗೆ ಅಲ್ಲ, ಜಗಳದ ಬಗ್ಗೆನ ಬರೀತೀನಿ. ಅದೂ ನನ್ನ ಹೊಟ್ಟಿಲೆ ಹುಟ್ಟಿದ ಮಗನ ಜೋಡಿ.

ನಿಮಗ ಗೊತ್ತೈತಿ, ಅಂವ ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸಕ್ಕ ಸೇರಿ ಹದಿನಾಲ್ಕು ವರ್ಷ ಆತು. ಅವರ ಆಫೀಸಿನ್ಯಾಗ ರಾಜ್ಯೋತ್ಸವಕ್ಕ ಒಂದು ಸಂಚಿಕಿ ತಗದಾರ. ಅದರಾಗ ಇಂವ ನಾಕು ಪಾನ ನನ್ನ ಮ್ಯಾಲೆ ಬರದಾನ. ಎಳ್ಳಮಾಸಿಗೆ ಬಂದಾಗ ಕೈಯಾಗ ಕೊಟ್ಟು "ಅವ್ವಾ, ಓದು" ಅಂದ. ಮುಂಜಾನೆ ಐದಕ್ಕ ಅವ್ವ ರೊಟ್ಟಿ ಬಡಿಯೋ ಸಪ್ಪಳಾನ ಅವನ ಅಲಾರಾಂ ಅಂತ, ಅದ ಅವನ ಸಂಗೀತ ಅಂತ. ಈಗ ಕೀಬೋರ್ಡಿನ ಟಕಟಕ ಬಿಟ್ರ ಮನ್ಯಾಗ ಬ್ಯಾರೆ ಸಪ್ಪಳ ಇಲ್ಲಂತ. ಕೆಲಸದ ಗದ್ದಲದಾಗ ಸಂಸ್ಕೃತಿ ಕಳಕೊಂಡ್ವಿ, ರೊಟ್ಟೀನೂ ಪ್ಲಾಸ್ಟಿಕ್ ಚೀಲದಾಗ ಬರಾಕತ್ತಾವು ಅಂತ ಮುಗಿಸ್ಯಾನ. ಓಣ್ಯಾಗ ಓದಿದವರೆಲ್ಲ ಕಣ್ಣಾಗ ನೀರು ತಂದ್ರು. ನನಗ ಬಂದದ್ದು ಸಿಟ್ಟು.

ಯಾಕಂದ್ರ ನಾ ಅದನ್ನ ಓದೂಮುಂದ ಸೊಸಿ ಒಳಗ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಾಕತ್ತಿದ್ಲು. ಆಕೀನೂ ಅವನಂಗ ಇಂಜಿನಿಯರು, ಅವನಷ್ಟ ಪಗಾರ. ಹಿಂದಿನ ರಾತ್ರಿ ಅಮೆರಿಕಾದವರ ಮೀಟಿಂಗ್ ಅಂತ ಒಂದೂವರಿತನಾ ಲ್ಯಾಪ್‌ಟಾಪ್ ಮುಂದ ಕುಂತಿದ್ಲು. ಆ ಪ್ಲಾಸ್ಟಿಕ್ ಚೀಲದ ಮಾತು ಯಾರಿಗೆ ಬಡೀತು? ನನ್ನ ಹೊಗಳೋ ನೆವದಾಗ ಆಕಿಗೊಂದು ಏಟು ಕೊಟ್ಟಾನ. ಆಕಿ ಏನೂ ಅನಲಿಲ್ಲ, ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿದ್ಲು.

ಆ ಸಂಗೀತ ಅಂವ ಕೇಳಿದ್ದು ಕೌದಿ ಹೊತಗೊಂಡು. ಕುದಿಯೋ ಎಸರು ಹಿಟ್ಟಿಗೆ ಹಾಕಿ, ಬಿಸಿ ಇರೂಮುಂದನ ನಾದಬೇಕು. ಆರಿತಂದ್ರ ಜಿಗಿ ಹೋಗಿ ರೊಟ್ಟಿ ಹರೀತೈತಿ. ಒಂಬತ್ತು ಮಂದಿ ಮನಿ, ದಿನಾ ಮೂವತ್ತು ರೊಟ್ಟಿ, ಹತ್ತಿ ಕಟಗಿ ಒಲಿ. ಮಳಿಗಾಲದಾಗ ಕಟಗಿ ಹಸಿ ಇದ್ರ ಹೊಗಿಗೆ ಕಣ್ಣು ತಗಿಯಾಕ ಆಗ್ತಿರಲಿಲ್ಲ. ಇವತ್ತಿಗೂ ನನ್ನ ಬಲ ಭುಜ ಮ್ಯಾಲೆ ಏಳೂದಿಲ್ಲ, ಹೆರಳು ಹಾಕಾಕ ಇನ್ನೊಬ್ರು ಬೇಕು. ಅದು ಆ ನಾಕು ಪಾನದಾಗ ಇಲ್ಲ. ಕಡೀಕ ಉಳಿದ ಕರಕ ರೊಟ್ಟಿ ಯಾರು ತಿಂತಿದ್ರು, ಅದೂ ಇಲ್ಲ.

ಮತ್ತ ಒಳ್ಳಿನಾಗ ಅರದ ಚಟ್ನಿ ಅಂತ ಬರದಾನ. ಸುಳ್ಳು! ಅಂವ ಮೂರನೆತ್ತೆ ಇದ್ದಾಗನ ಮಿಕ್ಸರ್ ಬಂದಿತ್ತು. ಹಿತ್ತಲದಾಗಿನ ಒಳ್ಳಿನ ಮಳಿ ನೀರು ಗುಬ್ಬಿ ಕುಡೀತಿದ್ವು. ಮಿಕ್ಸರ್ ಬಂದ ದಿನ ನಾನೂ ನಮ್ಮ ಅತ್ತಿಯವರೂ ಅದಕ್ಕ ಕುಂಕುಮ ಹಚ್ಚಿ ಕಾಯಿ ಒಡದೀವಿ. ಸಂಸ್ಕೃತಿ ಹೋತು ಅಂತ ಯಾರೂ ಅಳಲಿಲ್ಲ.

2023ರ ಅಕ್ಟೋಬರದಾಗ ನಾರಾಯಣ ಮೂರ್ತಿಯವರು ಹುಡುಗರು ವಾರಕ್ಕ 70 ತಾಸು ದುಡೀಬೇಕು ಅಂದಾಗ ಇದ ಮಗ ಕೆಂಡ ಕಾರಿದ್ದ. "ನಾವೇನು ಎತ್ತೇನು?" ಅಂದಿದ್ದ. ನಾನೂ ಹೌದಪ್ಪಾ ಅಂದೆ. ಆದ್ರ ಕೇಂದ್ರ ಸರ್ಕಾರದ 2024ರ ಸಮಯದ ಸಮೀಕ್ಷಾ ನೋಡ್ರಿ: ಪಗಾರ ಇಲ್ಲದ ಮನಿಗೆಲಸಕ್ಕ ಹೆಂಗಸರದು ದಿನಕ್ಕ 289 ನಿಮಿಷ, ಗಂಡಸರದು 88. ಅದೂ ಕೆಲಸಕ್ಕ ಕೈ ಹಚ್ಚಿದ ಗಂಡಸರದಷ್ಟ ಲೆಕ್ಕ, ಹಚ್ಚದವರು ಅದರಾಗ ಬರೂದ ಇಲ್ಲ. 289ನ್ನ ಏಳಕ್ಕ ಗುಣಿಸ್ರಿ, ವಾರಕ್ಕ 33 ತಾಸು ದಾಟತೈತಿ. ಸೊಸಿಯ ಆಫೀಸಿನ ತಾಸು ಇದಕ್ಕ ನೀವ ಕೂಡಿಸ್ಕೋರಿ.

ಬೀಸೋ ಕಲ್ಲಿನ ಪದಾನೂ ನಮ್ಮ ಸಂಸ್ಕೃತಿ ಅಂತಾರ. ಕಲ್ಲು ಭಾರ ಇತ್ತು, ಅದಕ್ಕ ಹಾಡ್ತಿದ್ರು. ಹಲಸಂಗಿ ಗೆಳೆಯರು ಊರೂರು ತಿರುಗಿ ಅಂಥಾ ಹಾಡು ಕೂಡಿಸಿ 'ಗರತಿಯ ಹಾಡು' ಪುಸ್ತಕ ಮಾಡಿದ್ರು, ಪುಣ್ಯದ ಕೆಲಸ. ಆದ್ರ ಹಾಡಿದ ಗರತ್ಯಾರ ಹೆಸರು ನಮ್ಮೊಳಗ ಎಷ್ಟು ಮಂದಿಗೆ ಗೊತ್ತೈತಿ? ನನ್ನ ಮಗನೂ ನಾಕು ಪಾನದ ತುಂಬ ಅವ್ವ ಅವ್ವ ಅಂದಾನ, ನನ್ನ ಹೆಸರು ಒಂದು ಕಡೆನೂ ಹಾಕಿಲ್ಲ.

ಅವನ ಸಂಕಟ ಸುಳ್ಳಂತ ನಾ ಅನ್ನಂಗಿಲ್ಲ. ದಿನಾ ಎರಡು ತಾಸು ಟ್ರಾಫಿಕ್ಕಿನ್ಯಾಗ ಕುಂತವಗ ಊರು ನೆನಪಾಗತೈತಿ, ಆಗಲಿ. ಆದ್ರ ಆ ನೆನಪು ಹಿಡಕೊಂಡು ಹೆಂಡತಿಗೆ ಅಳತಿ ಹಾಕಬ್ಯಾಡ ಅಂತ ಎದರಿಗೇ ಹೇಳೀನಿ. ಎರಡು ದಿನ ಮುಖ ಸೊಟ್ಟ ಮಾಡಿದ್ದ.

ಮೂರನೇ ದಿನ ಐದಕ್ಕ ಎಬ್ಬಿಸಿ ಹಿಟ್ಟು, ಎಸರು ಮುಂದ ಇಟ್ಟೆ. "ಸಪ್ಪಳ ಬೇಕಲ್ಲಾ, ಬಡಿ" ಅಂದೆ. ಮೊದಲಿಂದು ಹರೀತು, ಎರಡನೇದು ಹಲಗಿಗೆ ಹತ್ಕೊಂತು. ಐದನೇದು ಹೆಂಗೋ ಹಂಚಿಗೆ ಬಿತ್ತು. ಅಷ್ಟರಾಗ ಅಂಗೈ ಕೆಂಪಗಾಗಿ ಊದಿಕೋತ ಕುಂತಿದ್ದ. ಎಂಟಕ್ಕ ಸೊಸಿ ಎದ್ದು ಬಂದ್ಲು. ಸಪ್ಪಳಕ್ಕ ಎಚ್ಚರಾತೇನವ್ವಾ ಅಂದೆ. "ಇಲ್ರಿ ಅತ್ತಿ, ಭಾಳ ದಿನದ ಮ್ಯಾಲೆ ಚಲೋ ನಿದ್ದಿ ಬಂದಿತ್ತು" ಅಂದ್ಲು.