ಮನೆಗಾಡಿಯನ್ನು ತೂಗಿ ಕೊಳ್ಳಬೇಕು

ದುಡಿಮೆಯ ದಿನಗಳು ಮುಗಿದ ಮೇಲೆ ಊರೂರು ಸುತ್ತಬೇಕೆಂಬ ಆಸೆ ಎಲ್ಲ ದೇಶಗಳ ಜನರಿಗೂ ಉಂಟು. ಬ್ರಿಟನ್ನಿನಲ್ಲಿ ಅನೇಕ ವೃದ್ಧ ದಂಪತಿಗಳು ಈ ಆಸೆಯನ್ನು ಮನೆಗಾಡಿಯಿಂದ ತೀರಿಸಿಕೊಳ್ಳುತ್ತಾರೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಗೃಹ ಎಲ್ಲವನ್ನೂ ಒಳಗೊಂಡ ಮೋಟಾರು ವ್ಯಾನು ಅದು. ಕೊಳ್ಳುವಾಗ ಜನ ನೋಡುವುದು ಹೆಚ್ಚಾಗಿ ಅದರ ಉದ್ದವನ್ನು, ಹಾಸಿಗೆಗಳ ಸಂಖ್ಯೆಯನ್ನು. ಮೊದಲು ನೋಡಬೇಕಾದುದು ತೂಕವನ್ನು ಎಂಬುದು ನಮ್ಮ ಅಭಿಪ್ರಾಯ. ಮುದುಕರ ಈ ವ್ಯವಹಾರ ವಿದ್ಯಾರ್ಥಿಗಳಿಗೇಕೆ ಎಂದು ವಾಚಕರು ಕೇಳಬಹುದು. ಜೀವಮಾನದ ಉಳಿತಾಯವನ್ನು ತೆತ್ತು ಕೊಳ್ಳುವ ಈ ಗಾಡಿಯ ವಿಷಯದಲ್ಲಿ ಹಿರಿಯರು ಎಡವುವುದು ಹೈಸ್ಕೂಲಿನ ಲೆಕ್ಕದಲ್ಲಿಯೇ!

ಅಲ್ಲಿಯ ಸಾಮಾನ್ಯ ಕಾರಿನ ಲೈಸೆನ್ಸಿನಿಂದ, ಜನ ಸರಕು ಎಲ್ಲವೂ ಸೇರಿ 3,500 ಕಿಲೋಗ್ರಾಂ ಮೀರದ ಡೀಸೆಲ್ ಗಾಡಿಯನ್ನು ಮಾತ್ರ ನಡೆಸಬಹುದು. 1997ಕ್ಕೆ ಮುಂಚೆ ಕಾರಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ 7,500 ಕಿಲೋಗ್ರಾಂವರೆಗೆ ಅವಕಾಶವಿದೆ. ಆದರೆ 70 ವರ್ಷ ತುಂಬಿದಾಗ ಆ ಅವಕಾಶವನ್ನು ಉಳಿಸಿಕೊಳ್ಳಲು ವೈದ್ಯಪರೀಕ್ಷೆಗೆ ಒಳಗಾಗಬೇಕು. ಅರವತ್ತಾರರಲ್ಲಿ ಭಾರಿ ಗಾಡಿ ಕೊಂಡವರಿಗೆ ಎಪ್ಪತ್ತರಲ್ಲಿ ಕಣ್ಣೋ ಹೃದಯವೋ ಕೈಕೊಟ್ಟರೆ ಗಾಡಿ ಅಂಗಳದಲ್ಲಿಯೇ ನಿಲ್ಲುವುದು. ಆದುದರಿಂದ ಚಿಕ್ಕದೇ ಲೇಸು.

ಆದರೆ ಚಿಕ್ಕ ಗಾಡಿ ಹಗುರವೆಂಬ ಭ್ರಮೆ ಬೇಡ. ಪ್ರಯಾಣಕ್ಕೆ ಸಿದ್ಧವಾದ ಗಾಡಿಯ ತೂಕ 3,050 ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಇದರಲ್ಲಿ 75 ಕಿಲೋಗ್ರಾಂ ತೂಗುವ ಚಾಲಕನೂ ತೊಟ್ಟಿಯ ನೂರಕ್ಕೆ 90ರಷ್ಟು ಇಂಧನವೂ ಸೇರಿವೆ. ಉಳಿದುದು 450. ಪತ್ನಿಗೆ 70, ಬಿಸಿಲುಚಾವಣಿಗೆ 25, ಇನ್ನೊಂದು ಸೀಸದ ಬ್ಯಾಟರಿಗೆ 25, ಎರಡು ವಿದ್ಯುತ್ ಸೈಕಲ್ಲುಗಳಿಗೂ ಅವನ್ನು ತೂಗುಹಾಕುವ ಚೌಕಟ್ಟಿಗೂ 60, ಮೇಜು ಕುರ್ಚಿಗಳಿಗೆ 20, ಬಟ್ಟೆ, ಹೊದಿಕೆ, ಪಾತ್ರೆ, ದಿನಸಿಗೆ 120. ನೀರು ಲೀಟರಿಗೆ ಒಂದು ಕಿಲೋಗ್ರಾಂ. 100 ಲೀಟರಿನ ತೊಟ್ಟಿಯಲ್ಲಿ 20 ಲೀಟರನ್ನು ಮಾತ್ರ ತಯಾರಕರು ಲೆಕ್ಕಕ್ಕೆ ಹಿಡಿದಿದ್ದರೆ ಇನ್ನೂ 80. ಒಟ್ಟು 400 ಆಯಿತು. ಕಾಲೇಜಿನಲ್ಲಿರುವ ಮೊಮ್ಮಗ ತಾನೂ ಬರುವೆನೆಂದರೆ, ಗಾಡಿಯಲ್ಲಿ ಸ್ಥಳವಿದ್ದರೂ ತೂಕದಲ್ಲಿ ಸ್ಥಳವಿಲ್ಲ!

ಭಾರ ಎಷ್ಟು ಎಂಬುದರಷ್ಟೇ, ಅದು ಎಲ್ಲಿದೆ ಎಂಬುದೂ ಮುಖ್ಯ. ಹಿಂದಕ್ಕೆ ಹೆಚ್ಚಾಗಿ ಹೇರಿದರೆ ಮೂಕಿ ಮೇಲೇಳುವುದೆಂದು ನಮ್ಮ ಎತ್ತಿನ ಗಾಡಿಯವನು ಬಲ್ಲ. ಇಲ್ಲಿಯೂ ಅದೇ ಸನ್ನೆಯ ತತ್ತ್ವ. ಎರಡು ಅಚ್ಚುಗಳ ನಡುವಿನ ಅಂತರ 4 ಮೀಟರು, 60 ಕಿಲೋಗ್ರಾಂ ಸೈಕಲ್ಲುಗಳು ಹಿಂದಿನ ಅಚ್ಚಿನಿಂದ 2 ಮೀಟರು ಹಿಂದೆ ತೂಗುತ್ತಿವೆ ಎನ್ನಿ. ಹಿಂದಿನ ಅಚ್ಚಿನ ಮೇಲೆ ಬೀಳುವ ಹೊರೆ 60 ಅಲ್ಲ, 90. ಮುಂದಿನ ಅಚ್ಚು 30ರಷ್ಟು ಹಗುರವಾಗುವುದು. ಯೂರೋಪಿನ ಅನೇಕ ಮನೆಗಾಡಿಗಳಿಗೆ ಆಧಾರವಾದ ಫಿಯಟ್ ಡುಕಾಟೊ ವ್ಯಾನಿನಲ್ಲಿ ಎಂಜಿನ್ನಿನ ಬಲ ಹರಿಯುವುದು ಮುಂದಿನ ಚಕ್ರಗಳಿಗೆ. ಅವು ಹಗುರವಾದಷ್ಟೂ ಹಸಿಹುಲ್ಲಿನ ಬಯಲಿನಲ್ಲಿ ಹಿಡಿತ ತಪ್ಪಿ ತಿರುಗುತ್ತವೆ. ಅತಿಭಾರ ಹೊತ್ತ ಹಿಂದಿನ ಟಯರುಗಳು ಕಾದು ಒಡೆಯುವ ಅಪಾಯವಂತೂ ಇದ್ದೇ ಇದೆ. ಬ್ರೇಕುಗಳು ನುಂಗಬೇಕಾದ ಚಲನಶಕ್ತಿಯೂ ತೂಕದೊಡನೆ ಏರುವುದು.

ಇನ್ನು ಒಳಗಿನ ಅನುಕೂಲಗಳು. ಚಿತ್ರಪತ್ರಿಕೆಯಲ್ಲಿ ಏಣಿಯ ಮೇಲಿನ ಹಾಸಿಗೆ ಬಹಳ ಸೊಗಸಾಗಿ ಕಾಣುತ್ತದೆ. ನಡುರಾತ್ರಿ ಎರಡು ಸಲ ಏಳಬೇಕಾದ ಮೊಣಕಾಲುಗಳಿಗೆ ಆ ಸೊಗಸು ತಿಳಿಯದು. ತಗ್ಗಿನ ಹಾಸಿಗೆಯುಳ್ಳ ಗಾಡಿ ಅರ್ಧ ಮೀಟರು ಉದ್ದವಾದರೂ ಅದನ್ನೇ ಆರಿಸಬೇಕು. ತೂಕದ ಲೆಕ್ಕಕ್ಕೆ ಬೇಕಾದರೆ ಬಿಸಿಲುಚಾವಣಿಯನ್ನು ಬಿಡಬಹುದು.

ಹಣ ಕೊಡುವ ಮುನ್ನ, ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಗಾಡಿಯನ್ನು ಒಯ್ದು, ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಬೇರೆ ಬೇರೆಯಾಗಿ ತೂಗಿಸಬೇಕು. ಮಾರುವವನು ಒಪ್ಪದಿದ್ದರೆ ಬೇರೆ ಅಂಗಡಿಯನ್ನು ನೋಡಬೇಕು.