ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಸಾಮಾಜಿಕ ಹಾಗೂ ಅಭಿವೃದ್ಧಿ ಸವಾಲುಗಳು

ಚಳ್ಳಕೆರೆ ಮತ್ತು ಮೊಳಕಾಲ್ಮುರು ಕರ್ನಾಟಕದ ಚಿತ್ರದುರ್ಗ ಜಿಲ್ಲೆಯಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ಎರಡು ತಾಲ್ಲೂಕುಗಳು. ಇವುಗಳ ಪೂರ್ವಕ್ಕೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯೂ ಉತ್ತರಕ್ಕೆ ಬಳ್ಳಾರಿ ಸೀಮೆಯೂ ಇವೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಮಳೆಯಾಶ್ರಿತ ಬೇಸಾಯ, ಪಶುಪಾಲನೆ ಮತ್ತು ನೇಯ್ಗೆ ಇಲ್ಲಿನ ಮುಖ್ಯ ಜೀವನಾಧಾರಗಳು. ಕಳೆದ ಎರಡು ದಶಕಗಳಲ್ಲಿ ರಾಷ್ಟ್ರಮಟ್ಟದ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳು ಚಳ್ಳಕೆರೆಗೆ ಬಂದಿವೆ. ಆದರೂ ಕುಡಿಯುವ ನೀರು, ಮೇವು, ಉದ್ಯೋಗ ಮತ್ತು ಸಾಮಾಜಿಕ ಸಮಾನತೆಯ ಪ್ರಶ್ನೆಗಳು ಪೂರ್ಣವಾಗಿ ಬಗೆಹರಿದಿಲ್ಲ.

ಹಿನ್ನೆಲೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಬಯಲುಸೀಮೆಯ ಈ ಭಾಗದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಜನವಸತಿ ಇತ್ತೆಂಬುದಕ್ಕೆ ಇವು ಸಾಕ್ಷಿಯಾಗಿವೆ.

2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರ ಪಾಲು ಸುಮಾರು ಶೇ. 18. ರಾಜ್ಯದ ಸರಾಸರಿ ಸುಮಾರು ಶೇ. 7. ಚಳ್ಳಕೆರೆ ಮತ್ತು ಮೊಳಕಾಲ್ಮುರು ವಿಧಾನಸಭಾ ಕ್ಷೇತ್ರಗಳೆರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ಮ್ಯಾಸಬೇಡ ನಾಯಕರು, ಕಾಡುಗೊಲ್ಲರು, ಕುರುಬರು ಮತ್ತು ಪರಿಶಿಷ್ಟ ಜಾತಿಗಳವರು ಇಲ್ಲಿನ ಪ್ರಮುಖ ಸಮುದಾಯಗಳು. ಗಡಿಭಾಗದ ಹಲವು ಊರುಗಳಲ್ಲಿ ಕನ್ನಡದೊಂದಿಗೆ ತೆಲುಗು ಸಹ ಬಳಕೆಯಲ್ಲಿದೆ.

ನೀರಿನ ಸಮಸ್ಯೆ

ವೇದಾವತಿ ನದಿಯು ಚಳ್ಳಕೆರೆ ತಾಲ್ಲೂಕಿನ ಮೂಲಕ ಹರಿಯುತ್ತದೆಯಾದರೂ ವರ್ಷದ ಹೆಚ್ಚು ಕಾಲ ಅದರ ಪಾತ್ರ ಒಣಗಿರುತ್ತದೆ. ಈ ನದಿಗೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ 1907ರ ವೇಳೆಗೆ ವಾಣಿವಿಲಾಸ ಸಾಗರ ಅಣೆಕಟ್ಟನ್ನು ಕಟ್ಟಲಾಯಿತು. 1933ರಲ್ಲಿ ತುಂಬಿದ್ದ ಈ ಜಲಾಶಯವು 89 ವರ್ಷಗಳ ಬಳಿಕ, 2022ರಲ್ಲಿ ಮತ್ತೆ ಕೋಡಿ ಬಿದ್ದಿತು. ಚಳ್ಳಕೆರೆಯ ಕಡೆಗೆ ಜಲಾಶಯದ ನೀರು ಹರಿಸುವ ವಿಷಯದಲ್ಲಿ ಹಿರಿಯೂರಿನ ರೈತರು ಆಕ್ಷೇಪ ಎತ್ತಿದ್ದುಂಟು. ನೀರಿನ ಕೊರತೆಯು ನೆರೆಯ ತಾಲ್ಲೂಕುಗಳ ನಡುವೆಯೇ ಪೈಪೋಟಿಯನ್ನು ಉಂಟುಮಾಡಿರುವುದಕ್ಕೆ ಇದು ನಿದರ್ಶನವಾಗಿದೆ. ಮೊಳಕಾಲ್ಮುರು ತಾಲ್ಲೂಕಿನಲ್ಲಿ ಚಿನ್ನಹಗರಿ ನದಿಯ ರಂಗಯ್ಯನದುರ್ಗ ಜಲಾಶಯವಿದೆ. ಅದೂ ಮಳೆಯನ್ನೇ ಅವಲಂಬಿಸಿದೆ.

ಕೆರೆಗಳು ಬತ್ತಿದಂತೆ ಬೇಸಾಯವೂ ಕುಡಿಯುವ ನೀರಿನ ಪೂರೈಕೆಯೂ ಕೊಳವೆಬಾವಿಗಳನ್ನು ನೆಚ್ಚಿಕೊಂಡವು. ಆಳಕ್ಕೆ ಹೋದಂತೆಲ್ಲ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿ ಕಂಡುಬಂದಿದೆ. ಅಂಥ ನೀರನ್ನು ದೀರ್ಘಕಾಲ ಕುಡಿದರೆ ಹಲ್ಲುಗಳಲ್ಲಿ ಕಂದು ಕಲೆ ಮೂಡುತ್ತದೆ, ಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ. ಬಾಲ್ಯದಲ್ಲಿ ತಗುಲಿದ ಈ ಹಾನಿಯನ್ನು ಮುಂದೆ ಔಷಧಿಯಿಂದ ಸರಿಪಡಿಸಲಾಗದು. ಶುದ್ಧ ನೀರಿನ ಘಟಕಗಳು ಕೆಟ್ಟು ನಿಂತಾಗ ಜನರು ಮತ್ತೆ ಅದೇ ಕೊಳವೆಬಾವಿಗೆ ಮರಳಬೇಕಾಗುತ್ತದೆ. ಇದಕ್ಕೆ ಶಾಶ್ವತ ಪರಿಹಾರವಾಗಿ ತುಂಗಭದ್ರಾ ಹಿನ್ನೀರಿನಿಂದ ಈ ಭಾಗದ ಹಳ್ಳಿಗಳಿಗೆ ಕುಡಿಯುವ ನೀರು ತರುವ ಬಹುಗ್ರಾಮ ಯೋಜನೆಯನ್ನು ರೂಪಿಸಲಾಗಿದೆ.

ಭದ್ರಾ ಮೇಲ್ದಂಡೆ ಯೋಜನೆಯು ಮಧ್ಯ ಕರ್ನಾಟಕದ ನಾಲ್ಕು ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್ ಭೂಮಿಗೆ ಸೂಕ್ಷ್ಮ ನೀರಾವರಿ ಒದಗಿಸುವ ಹಾಗೂ ಕೆರೆಗಳನ್ನು ತುಂಬಿಸುವ ಉದ್ದೇಶ ಹೊಂದಿದೆ. 2023–24ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವನ್ನು ಘೋಷಿಸಲಾಯಿತು. ಘೋಷಿತ ಹಣ ಬಿಡುಗಡೆಯಾಗದಿರುವ ವಿಷಯವು ಆನಂತರ ರಾಜ್ಯ ಮತ್ತು ಕೇಂದ್ರ ಸರ್ಕಾರಗಳ ನಡುವಣ ವಿವಾದವಾಯಿತು. ಅದೇ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಈ ಎರಡೂ ತಾಲ್ಲೂಕುಗಳು ಆ ಪಟ್ಟಿಯಲ್ಲಿದ್ದವು.

ಕೃಷಿ ಮತ್ತು ಕೈಗಾರಿಕೆ

ಶೇಂಗಾ (ಕಡಲೆಕಾಯಿ) ಇಲ್ಲಿನ ಪ್ರಧಾನ ಬೆಳೆ. ಎಣ್ಣೆ ಗಿರಣಿಗಳ ಕಾರಣ ಚಳ್ಳಕೆರೆಯು ‘ಎಣ್ಣೆ ನಗರ’ ಎಂದು ಹೆಸರಾಯಿತು. 1986ರಲ್ಲಿ ಆರಂಭವಾದ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ದೇಶದ ಎಣ್ಣೆಬೀಜ ಉತ್ಪಾದನೆಗೆ ಉತ್ತೇಜನ ನೀಡಿತು. 1994ರ ನಂತರ ಖಾದ್ಯ ತೈಲದ ಆಮದು ಹಂತಹಂತವಾಗಿ ಮುಕ್ತಗೊಂಡಿತು. ಅಗ್ಗದ ತಾಳೆ ಎಣ್ಣೆಯೊಂದಿಗೆ ಸ್ಪರ್ಧಿಸುವುದು ಸ್ಥಳೀಯ ಗಿರಣಿಗಳಿಗೂ ಬೆಳೆಗಾರರಿಗೂ ಕಷ್ಟವಾಯಿತು. ಹೂವಾಡುವ ಮತ್ತು ಕಾಯಿ ಕಟ್ಟುವ ಹಂತದಲ್ಲಿ ಮಳೆ ಕೈಕೊಟ್ಟರೆ ಇಳುವರಿ ಕುಸಿಯುತ್ತದೆ. ಬಿತ್ತನೆ ಬೀಜದ ವೆಚ್ಚ ಹೆಚ್ಚಾಗಿರುವುದರಿಂದ ಒಂದು ವರ್ಷದ ನಷ್ಟವು ಮರುವರ್ಷದ ಸಾಲವಾಗಿ ಪರಿಣಮಿಸುತ್ತದೆ. ಬರಗಾಲದಲ್ಲಿ ಕೂಲಿಕಾರರು ಮತ್ತು ಸಣ್ಣ ರೈತರು ಬೆಂಗಳೂರು ಮುಂತಾದ ನಗರಗಳಿಗೆ ಗುಳೆ ಹೋಗುತ್ತಾರೆ. ಹೆತ್ತವರೊಡನೆ ಹೊರಟ ಮಕ್ಕಳ ಓದು ನಡುವೆಯೇ ನಿಲ್ಲುತ್ತದೆ.

ಮೊಳಕಾಲ್ಮುರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಆದರೆ ಈ ಮಾನ್ಯತೆಯು ಹೆಸರನ್ನು ರಕ್ಷಿಸುತ್ತದೆಯೇ ಹೊರತು ನೇಕಾರನ ಕೂಲಿಯನ್ನು ನಿಗದಿಪಡಿಸುವುದಿಲ್ಲ. ಕಚ್ಚಾ ರೇಷ್ಮೆಯ ಬೆಲೆಯ ಏರಿಳಿತ ಮತ್ತು ವಿದ್ಯುತ್ ಮಗ್ಗದ ಅನುಕರಣೆಗಳಿಂದಾಗಿ ಕೈಮಗ್ಗದ ಕುಟುಂಬಗಳ ಹೊಸ ತಲೆಮಾರು ಬೇರೆ ಉದ್ಯೋಗಗಳತ್ತ ಸರಿಯುತ್ತಿದೆ.

ಅಮೃತ್ ಮಹಲ್ ಕಾವಲುಗಳು

ಮೈಸೂರು ಅರಸರ ಕಾಲದಲ್ಲಿ ಅಮೃತ್ ಮಹಲ್ ತಳಿಯ ದನಗಳಿಗಾಗಿ ಮೀಸಲಿಟ್ಟ ವಿಶಾಲ ಹುಲ್ಲುಗಾವಲುಗಳನ್ನು ಕಾವಲುಗಳೆಂದು ಕರೆಯಲಾಗುತ್ತದೆ. ಚಳ್ಳಕೆರೆ ತಾಲ್ಲೂಕಿನ ವರವು, ಉಳ್ಳಾರ್ತಿ ಮತ್ತು ಕುದಾಪುರ ಕಾವಲುಗಳಲ್ಲಿ ಸುತ್ತಲಿನ ಹಳ್ಳಿಗಳ ಕುರಿ, ಮೇಕೆ ಮತ್ತು ದನಗಳು ಮೇಯುತ್ತಿದ್ದವು. ಕುರುಬರ ಕಂಬಳಿ ನೇಯ್ಗೆಗೆ ಬೇಕಾದ ಉಣ್ಣೆಯೂ ಮ್ಯಾಸಬೇಡರ ಕಿಲಾರಿಗಳು ಕಾಯುವ ದೇವರ ಎತ್ತುಗಳ ಮೇವೂ ಇಂತಹ ಬಯಲುಗಳನ್ನೇ ಅವಲಂಬಿಸಿವೆ.

2007ರ ನಂತರದ ವರ್ಷಗಳಲ್ಲಿ ಈ ಕಾವಲುಗಳ ಸಾವಿರಾರು ಎಕರೆಯನ್ನು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ (ಡಿಆರ್‌ಡಿಒ), ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆ ಮಾಡಲಾಯಿತು. ವಿಜ್ಞಾನ ಸಂಸ್ಥೆಯ ಕುದಾಪುರ ಆವರಣವೊಂದೇ ಸುಮಾರು 1,500 ಎಕರೆಯಷ್ಟಿದೆ. ಬೇಲಿ ಮತ್ತು ಗೋಡೆಗಳು ಎದ್ದಂತೆ ಹಳ್ಳಿಗರು ಪ್ರತಿಭಟಿಸಿದರು. ಪ್ರಕರಣವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಬಂದಿತು. 2014ರ ತೀರ್ಪಿನ ಬಳಿಕ ಯೋಜನೆಗಳು ಷರತ್ತುಗಳೊಂದಿಗೆ ಮುಂದುವರಿದವು. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವು 2017ರ ಮೇ 28ರಂದು ಉದ್ಘಾಟನೆಗೊಂಡಿತು. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಇಲ್ಲಿನ ಓಡುದಾರಿಯಲ್ಲಿ ಸ್ವಯಂಚಾಲಿತವಾಗಿ ಇಳಿಸುವ ಪ್ರಯೋಗವನ್ನು ಯಶಸ್ವಿಯಾಗಿ ನಡೆಸಿತು.

ಈ ಸಂಸ್ಥೆಗಳ ರಾಷ್ಟ್ರೀಯ ಮಹತ್ವವು ನಿರ್ವಿವಾದ. ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಯು ಶಾಲಾ-ಕಾಲೇಜು ಅಧ್ಯಾಪಕರಿಗೆ ತರಬೇತಿಯನ್ನೂ ನೀಡುತ್ತಿದೆ. ಚರ್ಚೆಗೆ ಒಳಗಾಗಿರುವುದು ಹುಲ್ಲುಗಾವಲನ್ನು ಪಾಳುಭೂಮಿಯೆಂದು ಎಣಿಸುವ ಆಡಳಿತದ ದೃಷ್ಟಿ. ಕಾವಲು ಯಾರ ಖಾಸಗಿ ಹೆಸರಿನಲ್ಲಿಯೂ ಇರಲಿಲ್ಲ. ಆದುದರಿಂದ ಖಾತೆದಾರರಿಗೆ ಸಿಗುವಂತಹ ಪರಿಹಾರ ಕುರಿಗಾಹಿಗೆ ದೊರೆಯುವಂತಿರಲಿಲ್ಲ. ನೇಕಾರನಿಗೆ ಆದ ಪರೋಕ್ಷ ನಷ್ಟ ಲೆಕ್ಕಕ್ಕೇ ಬರಲಿಲ್ಲ.

ಸಾಮಾಜಿಕ ಸಮಸ್ಯೆಗಳು

ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಊರಾಚೆ ಇರಿಸುವ ಪದ್ಧತಿ ಉಳಿದುಬಂದಿದೆ. ಮಳೆ ಚಳಿಯಲ್ಲಿ ಗುಡಿಸಲಿನಲ್ಲಿರುವುದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯಕಾರಿ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯ್ದೆಯು ಬಲವಂತದ ಇಂತಹ ಪ್ರತ್ಯೇಕತೆಯನ್ನು ಅಪರಾಧವೆಂದು ಪರಿಗಣಿಸುತ್ತದೆ. ಕೆಲವೆಡೆ ಇದಕ್ಕಾಗಿ ಮಹಿಳಾ ಭವನಗಳನ್ನು ನಿರ್ಮಿಸಲಾಯಿತು. ಅವು ತಾತ್ಕಾಲಿಕ ಆಸರೆಯಾದರೂ ಆಚರಣೆಯನ್ನೇ ಗಟ್ಟಿಗೊಳಿಸುತ್ತವೆ ಎಂಬ ಟೀಕೆಯಿದೆ. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯೂ ದೀರ್ಘಕಾಲದಿಂದ ಇದೆ.

ಪ್ರಾದೇಶಿಕ ಅಸಮಾನತೆ ಮತ್ತೊಂದು ವಿಷಯ. ನೆರೆಯ ಬಳ್ಳಾರಿ ಜಿಲ್ಲೆಗೆ ಸಂವಿಧಾನದ 371(ಜೆ) ವಿಧಿಯಡಿ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ವಿಶೇಷ ಸೌಲಭ್ಯವಿದೆ. ಒಂದೇ ಬಗೆಯ ನೆಲ, ಮಳೆ ಮತ್ತು ಬಡತನವಿದ್ದರೂ ಜಿಲ್ಲಾ ಗಡಿಯ ಈಚೆಗಿರುವ ಮೊಳಕಾಲ್ಮುರಿಗೆ ಅದು ಅನ್ವಯಿಸುವುದಿಲ್ಲ.

ಆಫ್ರಿಕಾದ ಒಣಪ್ರದೇಶಗಳೊಂದಿಗೆ ಹೋಲಿಕೆ

ಸಹಾರಾ ಮರುಭೂಮಿಯ ದಕ್ಷಿಣದ ಸಾಹೇಲ್ ಪಟ್ಟಿ ಮತ್ತು ಪೂರ್ವ ಆಫ್ರಿಕಾದ ಒಣಭೂಮಿಗಳು ಇದೇ ರೀತಿಯ ಸವಾಲುಗಳನ್ನು ಎದುರಿಸುತ್ತಿವೆ. ಸೆನೆಗಲ್‌ನ ಅರ್ಥವ್ಯವಸ್ಥೆಯು ಫ್ರೆಂಚ್ ಆಳ್ವಿಕೆಯ ಕಾಲದಿಂದ ಶೇಂಗಾವನ್ನು ನೆಚ್ಚಿಕೊಂಡು ಮಳೆ ಮತ್ತು ಮಾರುಕಟ್ಟೆಗಳ ಹೊಯ್ದಾಟಕ್ಕೆ ಸಿಲುಕಿತು. ಇಥಿಯೋಪಿಯಾ, ಕೀನ್ಯಾ ಮತ್ತು ಟಾಂಜಾನಿಯಾಗಳ ಬಿರುಕು ಕಣಿವೆಯಲ್ಲಿ ಫ್ಲೋರೈಡ್ ಬಾಧೆ ವ್ಯಾಪಕವಾಗಿದೆ. ಭಾರತದಲ್ಲಿ ರೂಪುಗೊಂಡ ನಲ್ಗೊಂಡ ಶುದ್ಧೀಕರಣ ವಿಧಾನವನ್ನು ಇಥಿಯೋಪಿಯಾದಲ್ಲಿಯೂ ಬಳಸಲಾಗಿದೆ. ಟಾಂಜಾನಿಯಾದ ಲೋಲಿಯೊಂಡೊದಲ್ಲಿ 2022ರಲ್ಲಿ ಸುಮಾರು 1,500 ಚದರ ಕಿ.ಮೀ. ಮೇವಿನ ನೆಲವನ್ನು ವನ್ಯಜೀವಿಗಳ ಹೆಸರಿನಲ್ಲಿ ಗುರುತಿಸಿದಾಗ ಮಾಸಾಯಿ ಪಶುಪಾಲಕರು ಪ್ರತಿರೋಧ ತೋರಿದರು.

ಇದಕ್ಕೆ ವ್ಯತಿರಿಕ್ತವಾಗಿ ನೈಜರ್ ದೇಶದ ರೈತರು 1980ರ ದಶಕದಿಂದ ಹೊಲಗಳಲ್ಲಿ ಚಿಗುರುವ ಮರದ ಬುಡಗಳನ್ನು ಕಡಿಯದೆ ಉಳಿಸಿಕೊಂಡು ಸುಮಾರು 50 ಲಕ್ಷ ಹೆಕ್ಟೇರ್ ಭೂಮಿಯಲ್ಲಿ ಹಸಿರನ್ನು ಮರಳಿ ತಂದಿದ್ದಾರೆ. ಮರದ ಮೇಲಿನ ಹಕ್ಕು ತಮ್ಮದೆಂಬ ಭರವಸೆ ಮೂಡಿದ್ದು ಇದಕ್ಕೆ ಒಂದು ಮುಖ್ಯ ಕಾರಣವಾಗಿತ್ತು.

ಮುಂದಿನ ಹಾದಿ

ಸರ್ವೋಚ್ಚ ನ್ಯಾಯಾಲಯವು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಗ್ರಾಮಗಳ ಸಾಮುದಾಯಿಕ ಭೂಮಿಯನ್ನು ರಕ್ಷಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಅದರಂತೆ ಉಳಿದ ಕಾವಲುಗಳನ್ನು ಗುರುತಿಸಿ ಮೇಯಿಸುವ ಹಕ್ಕನ್ನು ದಾಖಲಿಸುವುದು, ಕೆರೆಗಳ ಹೂಳೆತ್ತುವುದು, ಶೇಂಗಾದ ಜೊತೆಗೆ ಸಿರಿಧಾನ್ಯ ಮತ್ತು ತೊಗರಿಯನ್ನು ಬೆಳೆಯುವುದು, ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಊರಿನಲ್ಲಿಯೇ ವಸತಿ ಮತ್ತು ಶಿಕ್ಷಣ ಒದಗಿಸುವುದು ಇಲ್ಲಿ ಸಾಧ್ಯವಿರುವ ಕ್ರಮಗಳು. ನದಿ ನೀರು ಬರುವವರೆಗೂ ಇವು ಕಾಯಬೇಕಾಗಿಲ್ಲ. ಹೊಸ ಸಂಸ್ಥೆಗಳಿಂದ ಈ ತಾಲ್ಲೂಕುಗಳಿಗೆ ಆದ ಲಾಭವನ್ನು ಅಳೆಯುವಾಗ ಅಲ್ಲಿ ಹೂಡಿದ ಹಣಕ್ಕಿಂತಲೂ ಸುತ್ತಲಿನ ಹಳ್ಳಿಗಳಿಗೆ ದೊರೆತ ನೀರು, ಮೇವು, ವಿದ್ಯೆ ಮತ್ತು ಉದ್ಯೋಗಗಳೇ ಮುಖ್ಯ ಮಾನದಂಡಗಳಾಗುತ್ತವೆ.