ಟಿಬೆಟನ್ ಗುಳಿಗೆ: ಗುಟ್ಟು ಮಾತ್ರ ಬೇಡ

ಕೊನೆಯ ಕೀಮೋ ಮುಗಿದು ತಿಂಗಳುಗಳಾಗಿವೆ, ರಿಪೋರ್ಟೂ ಚೆನ್ನಾಗಿದೆ, ಮನೆಯವರೆಲ್ಲ ನೆಮ್ಮದಿಯಾಗಿದ್ದಾರೆ. ಆದರೆ ಅಂಗಾಲಿನ ಉರಿ ಮಾತ್ರ ಹೋಗಿಲ್ಲ. ಬೆರಳ ತುದಿಯೆಲ್ಲ ಜೋಮು. ಸೀರೆಗೆ ಪಿನ್ ಹಾಕೋಕಾಗಲ್ಲ, ಬ್ಲೌಸಿನ ಹುಕ್ಕು ಕೈಗೆ ಸಿಗಲ್ಲ. ಹಿಡಿದ ಲೋಟ ಯಾವಾಗ ಜಾರಿತೋ ಗೊತ್ತೇ ಆಗಲ್ಲ. ಹೇಳಿಕೊಂಡರೆ ಸಿಗುವ ಉತ್ತರ, 'ಜೀವ ಉಳೀತಲ್ಲ, ಇದನ್ಯಾಕೆ ದೊಡ್ಡದು ಮಾಡ್ತೀಯ?'

ಗೃಹಿಣಿಯರೇ, ಇದು ನಿಮ್ಮ ಭ್ರಮೆಯಲ್ಲ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್, ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್‌ನಂಥ ಔಷಧಗಳು ಕೈಕಾಲಿನ ನರಗಳಿಗೂ ಪೆಟ್ಟು ಕೊಡುತ್ತವೆ. ಕೆಲವರಿಗೆ ಕೆಲವು ತಿಂಗಳಲ್ಲಿ ತಗ್ಗುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಆಸ್ಪತ್ರೆಯ ಮದ್ದೂ ಅಷ್ಟಕ್ಕಷ್ಟೆ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2020ರಲ್ಲಿ ಈ ನೋವಿಗೆ ಶಿಫಾರಸು ಮಾಡಿದ್ದು ಡುಲಾಕ್ಸೆಟಿನ್ ಎಂಬ ಒಂದೇ ಮಾತ್ರೆಯನ್ನು. ಅದರಿಂದಲೂ ಎಲ್ಲರಿಗೂ ಆರಾಮ ಸಿಗುವುದಿಲ್ಲ.

ಹೀಗಿರುವಾಗ ಯಾರಾದರೂ 'ಟಿಬೆಟನ್ ಔಷಧಿ ಒಮ್ಮೆ ನೋಡಬಾರದೇ?' ಎಂದರೆ ಆಸೆ ಹುಟ್ಟುವುದು ಸಹಜ. ಅದಕ್ಕಾಗಿ ಹಿಮಾಲಯದವರೆಗೆ ಹೋಗಬೇಕಾಗಿಯೂ ಇಲ್ಲ. 1916ರಲ್ಲಿ ಲಾಸಾದಲ್ಲಿ ಶುರುವಾಗಿ, 1961ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ತಲೆಯೆತ್ತಿದ ಮೆನ್-ತ್ಸೀ-ಖಾಂಗ್ ಸಂಸ್ಥೆಯ ಚಿಕಿತ್ಸಾಲಯಗಳು ನಮ್ಮ ಬೈಲಕುಪ್ಪೆ, ಮುಂಡಗೋಡದ ಟಿಬೆಟನ್ ನೆಲೆಗಳಲ್ಲೂ ಇವೆ. ಸೋವಾ ರಿಗ್ಪಾ ಎಂಬ ಈ ಪದ್ಧತಿಗೆ 2010ರಲ್ಲಿ ಕಾನೂನಿನ ಮಾನ್ಯತೆಯೂ ಸಿಕ್ಕಿದೆ. ನಾಡಿ ಹಿಡಿದು, ಮೂತ್ರ ಪರೀಕ್ಷಿಸಿ, ವಾತ-ಪಿತ್ತ-ಕಫದ ಏರುಪೇರು ಲೆಕ್ಕ ಹಾಕುವ ಕ್ರಮ ಆಯುರ್ವೇದ ಕಂಡ ನಮಗೆ ಹೊಸದೇನಲ್ಲ.

ಹಾಗಾದರೆ ಹೋಗಬಹುದೇ? ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಕದ್ದುಮುಚ್ಚಿ ಹೋಗಬೇಡಿ. ಡಾಕ್ಟರ್ ಬೈತಾರೆ, ಯಜಮಾನರು ದುಡ್ಡು ದಂಡ ಅಂತಾರೆ ಎಂದು ಗುಳಿಗೆಯನ್ನು ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಡುವುದರಲ್ಲೇ ಅಪಾಯ ಇರುವುದು.

ಏಕೆಂದರೆ 'ಗಿಡಮೂಲಿಕೆ ತಾನೆ' ಎಂಬ ಮಾತು ಇಲ್ಲಿ ಪೂರ್ತಿ ನಿಜವಲ್ಲ. ಬಣ್ಣದ ಬಟ್ಟೆಯಲ್ಲಿ ಸುತ್ತಿ ಕೊಡುವ 'ರಿಂಚೆನ್' ಗುಳಿಗೆಗಳಲ್ಲಿ ಕೆಲವಕ್ಕೆ ಸಂಸ್ಕರಿಸಿದ ಪಾದರಸ ಸೇರಿರುತ್ತದೆ. ಸಂಸ್ಕಾರದಿಂದ ವಿಷ ಹೋಗುತ್ತದೆ ಎಂಬುದು ಆ ಪದ್ಧತಿಯವರ ನಂಬಿಕೆ. ಆದರೆ ಪಾದರಸ ನರಗಳನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಮೊದಲೇ ಬೆಂದ ನರಕ್ಕೆ ಇನ್ನೊಂದು ಪರೀಕ್ಷೆ ಯಾಕೆ? ಬರೀ ಮೂಲಿಕೆಯದೇ ಆದರೂ, ಇನ್ನೂ ಕೀಮೋ ನಡೆಯುತ್ತಿದ್ದರೆ ಅಥವಾ ದಿನಾ ಟ್ಯಾಮಾಕ್ಸಿಫೆನ್ ನುಂಗುತ್ತಿದ್ದರೆ, ಕೆಲವು ಮೂಲಿಕೆಗಳು ಆ ಔಷಧದ ಬಲವನ್ನೇ ಏರುಪೇರು ಮಾಡಬಹುದು. ಈ ನರದೋಷವನ್ನು ಟಿಬೆಟನ್ ಔಷಧ ವಾಸಿಮಾಡುತ್ತದೆ ಎಂದು ದೊಡ್ಡ ಪರೀಕ್ಷೆಗಳಲ್ಲಿ ಸಾಬೀತಾಗಿಲ್ಲ ಎಂಬುದೂ ನೆನಪಿರಲಿ.

ಆದ್ದರಿಂದ ಮೊದಲು ನಿಮ್ಮ ಕ್ಯಾನ್ಸರ್ ಡಾಕ್ಟರ ಬಳಿ ಬಾಯಿಬಿಟ್ಟು ಹೇಳಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಬಿ12 ಕೊರತೆಯಿಂದಲೂ ಜೋಮು ಬರುತ್ತದೆ. ಸಸ್ಯಾಹಾರಿಗಳಲ್ಲಂತೂ ಬಿ12 ಕೊರತೆ ಸಾಮಾನ್ಯ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದನ್ನು ಗುಳಿಗೆಯ ಕೆಳಗೆ ಮುಚ್ಚಿಡಬೇಡಿ. ಟಿಬೆಟನ್ ವೈದ್ಯರ ಬಳಿ ಹೋದಾಗಲೂ ಹಳೆಯ ಫೈಲು ಕೈಲಿರಲಿ. 'ಇದರಲ್ಲಿ ಪಾದರಸ ಇದೆಯಾ, ಸೀಸ ಇದೆಯಾ?' ಎಂದು ಸಂಕೋಚವಿಲ್ಲದೆ ಕೇಳಿ. ಗುಳಿಗೆಯ ಹೆಸರು ಬರೆಸಿಕೊಂಡು ಡಾಕ್ಟರಿಗೆ ತೋರಿಸಿದ ಮೇಲೆಯೇ ಶುರುಮಾಡಿ. ಎಷ್ಟು ವಾರ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಆಸ್ಪತ್ರೆಯ ಮಾತ್ರೆ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ, ಅಲ್ಲಿಂದ ಎದ್ದು ಬನ್ನಿ.

ಜೊತೆಗೆ ಮನೆಯಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ಸ್ನಾನದ ನೀರಿನ ಬಿಸಿಯನ್ನು ಜೋಮು ಹಿಡಿದ ಬೆರಳಿನಿಂದ ನೋಡದೆ ಮೊಣಕೈಯಿಂದ ನೋಡಿ. ಕಾಲಿಗೆ ಹಾಟ್ ವಾಟರ್ ಬ್ಯಾಗ್ ಬೇಡ, ಸುಟ್ಟರೂ ತಿಳಿಯುವುದಿಲ್ಲ. ರಾತ್ರಿ ಬಚ್ಚಲಿನ ದೀಪ ಉರಿಯುತ್ತಿರಲಿ. ದಿನಾ ಮಲಗುವ ಮುನ್ನ ಅಂಗಾಲಲ್ಲಿ ಗಾಯವಾಗಿದೆಯೇ ಎಂದು ನೋಡಿಕೊಳ್ಳಿ.

ಮನೆಯವರಿಗೂ ಒಂದು ಮಾತು. ಆಕೆ ನೋವೆಂದಾಗ ನಂಬಿ, ಮುಂದಿನ ಸಲ ಡಾಕ್ಟರ ಹತ್ತಿರ ಜೊತೆಗೆ ಹೋಗಿ. ನೋವು ಹೇಳಿಕೊಳ್ಳಲು ಮನೆಯಲ್ಲೇ ಜಾಗ ಸಿಕ್ಕರೆ ಯಾವ ಗುಳಿಗೆಯನ್ನೂ ಆಕೆ ಬಚ್ಚಿಡಬೇಕಾಗಿ ಬರುವುದಿಲ್ಲ.